ನಿಶ್ಚಿತಾರ್ಥದ ಉಂಗುರ: ಕಡಿಮೆ ಖರ್ಚಿನಲ್ಲಿ, ಎರಡೂ ಮನೆ ಒಪ್ಪುವ ಹಾಗೆ

ಉಂಗುರ ತರಲು ಹೋದವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಮೊದಲು ಡಿಸೈನ್ ನೋಡುತ್ತಾರೆ. ಆಮೇಲೆ ರೇಟು ಕೇಳುತ್ತಾರೆ. ಅಳತೆಯನ್ನು ಅಂದಾಜಿಗೆ ಹೇಳುತ್ತಾರೆ. ಬೀಗರ ಮನೆಯ ಪದ್ಧತಿ ನೆನಪಾಗುವುದು ಬಿಲ್ ಆದ ಮೇಲೆ! ಆಗ ಉಂಗುರ ವಾಪಸ್ ಕೊಟ್ಟರೆ ಮಜೂರಿ ಹೋಯಿತು, ಹೊಸದಕ್ಕೆ ಮತ್ತೆ ಮಜೂರಿ ಕೊಡಬೇಕು. ನಾನು ನೋಡಿದ ಮಟ್ಟಿಗೆ, ಉಂಗುರದ ಲೆಕ್ಕದಲ್ಲಿ ಅತಿ ಜಾಸ್ತಿ ದುಡ್ಡು ಹಾಳಾಗುವುದು ಹೀಗೆ ಎರಡೆರಡು ಸಲ ಕೊಳ್ಳುವುದರಲ್ಲೇ.

ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ಬಿಡಬೇಡಿ. ಪದ್ಧತಿ, ಬೆರಳು, ಅಳತೆ, ದುಡ್ಡು, ಲೋಹ, ಹರಳು, ಆಮೇಲೆ ಅಂಗಡಿ. ಡಿಸೈನ್ ಅಂಗಡಿಯಲ್ಲಿ ನೋಡಿದರೆ ಸಾಕು.

ಮೊದಲೇ ಜೋಡಿಸಿಕೊಳ್ಳಬೇಕಾದದ್ದು

ಕನಿಷ್ಠ ಆರು ವಾರ ಸಮಯ ಇಟ್ಟುಕೊಳ್ಳಿ. ಅಳತೆ ಸರಿಮಾಡಿಸಲು ಒಂದು ವಾರ, ಆರ್ಡರ್ ಕೊಟ್ಟು ಮಾಡಿಸಿದರೆ ಎರಡು ಮೂರು ವಾರ ಹಿಡಿಯುತ್ತದೆ. ಮಿಲಿಮೀಟರ್ ಗುರುತಿರುವ ಒಂದು ಸ್ಕೇಲ್, ತೆಳು ಕಾಗದದ ಪಟ್ಟಿ, ಪೆನ್ನು ಬೇಕು. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ (ಚಿನ್ನದ ಹಾಲ್‌ಮಾರ್ಕ್ ಗುರುತು ನಿಜವೇ ಎಂದು ನೋಡುವ ಸರ್ಕಾರಿ ಆ್ಯಪ್) ಹಾಕಿಕೊಳ್ಳಿ. ಲೆಕ್ಕ ಬರೆಯಲು ಒಂದು ಹಾಳೆ. ಸಾಧ್ಯವಾದರೆ ಸಣ್ಣ ಅಕ್ಷರ ಓದುವ ಭೂತಗನ್ನಡಿ. ಜೊತೆಗೆ ನಾಚಿಕೆ ಇಲ್ಲದೆ ಚೌಕಾಸಿ ಮಾಡುವ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಅವರನ್ನು ಬಿಡಬೇಡಿ.

ಹಂತ 1: ಎರಡೂ ಮನೆಯ ಪದ್ಧತಿ ಕೇಳಿ

ಹುಡುಗ ಹುಡುಗಿ ಒಂದೇ ಜಾತಿ, ಒಂದೇ ಊರಿನವರಾದರೂ ಇದನ್ನು ಕೇಳಲೇಬೇಕು. ಬೇರೆ ಧರ್ಮ, ಬೇರೆ ದೇಶ ಅಂದರೆ ಕೇಳದೆ ಅಂಗಡಿ ಮೆಟ್ಟಿಲು ಹತ್ತಲೇಬೇಡಿ. ಕೇಳಬೇಕಾದ ಪ್ರಶ್ನೆಗಳು ಇವು: ಉಂಗುರ ಒಂದೋ ಎರಡೋ? ಯಾರದ್ದನ್ನು ಯಾರು ತರುತ್ತಾರೆ? ಯಾರು ತೊಡಿಸುತ್ತಾರೆ? ಯಾವ ಕೈ? ಯಾವ ಲೋಹ ಬೇಡ? ಯಾವ ಹರಳು ಬೇಡ? ಮದುವೆ ದಿನ ಇನ್ನೊಂದು ಉಂಗುರ ಬೇಕಾಗುತ್ತದೆಯೇ?

ನಮ್ಮ ಕಡೆಯ ಹಿಂದೂ ಮನೆಗಳಲ್ಲಿ ಸಾಮಾನ್ಯವಾಗಿ ಹುಡುಗನ ಉಂಗುರ ಹೆಣ್ಣಿನ ಮನೆಯವರದು, ಹುಡುಗಿಯದು ಗಂಡಿನ ಮನೆಯವರದು. ಒಂದು ಸಮಾಧಾನದ ವಿಷಯ ಇದೆ. ನಿಶ್ಚಿತಾರ್ಥದ ಶಾಸ್ತ್ರ ನಡೆಯುವುದು ತಾಂಬೂಲ ಮತ್ತು ಲಗ್ನಪತ್ರಿಕೆಯ ಮೇಲೆ. ಉಂಗುರಕ್ಕೆ ಇಂತಿಷ್ಟೇ ತೂಕ ಇರಬೇಕೆಂದು ಯಾವ ಪುರೋಹಿತರೂ ಹೇಳುವುದಿಲ್ಲ. ತೂಕದ ಮಾತು ಬರುವುದು ನೆಂಟರಿಂದ. ಹಾಗಾಗಿ ಎರಡು ಗ್ರಾಮಿನ ಉಂಗುರವನ್ನು ಯಾರಾದರೂ ಕಡಿಮೆ ಅಂದರೆ ತಲೆಕೆಡಿಸಿಕೊಳ್ಳಬೇಡಿ.

ಹಿಂದೂ ಮನೆಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಹರಳಿನಿಂದ. ನೀಲಿ ಕಲ್ಲು ಎಷ್ಟೇ ಚೆಂದವಿರಲಿ, "ನೀಲ ಶನಿಯದು, ಜಾತಕ ನೋಡದೆ ಹಾಕಬಾರದು" ಅನ್ನುವ ಹಿರಿಯರು ಬಹಳ ಮಂದಿ ಇದ್ದಾರೆ. ಕಪ್ಪು ಕಲ್ಲೂ ಶುಭಕಾರ್ಯಕ್ಕೆ ಕೆಲವರಿಗೆ ಆಗುವುದಿಲ್ಲ. ನಿಮಗೆ ನಂಬಿಕೆ ಇಲ್ಲದಿರಬಹುದು. ಆದರೆ ಅತ್ತೆಯ ಮುಖ ಗಂಟಾದರೆ ಆ ಉಂಗುರ ಬೀರುವಿನಿಂದ ಹೊರಗೆ ಬರುವುದಿಲ್ಲ, ಅಲ್ವಾ? ಇನ್ನೊಂದು ತಪ್ಪು, ಜ್ಯೋತಿಷಿ ಹೇಳಿದ ಹರಳನ್ನೇ ನಿಶ್ಚಿತಾರ್ಥದ ಉಂಗುರಕ್ಕೆ ಕೂರಿಸಿ ಒಂದು ಖರ್ಚು ಉಳಿಸಲು ಹೋಗುವುದು. ಹಾಗೆ ಮಾಡಬೇಡಿ. ಪುಷ್ಯರಾಗವನ್ನು ತೋರುಬೆರಳಿಗೆ, ನೀಲವನ್ನು ನಡುಬೆರಳಿಗೆ ಹೇಳುವವರೇ ಹೆಚ್ಚು. ದಶೆ ಬದಲಾದಾಗ ತೆಗೆಯಿರಿ ಎಂದೂ ಹೇಳುತ್ತಾರೆ. ನಿಶ್ಚಿತಾರ್ಥದ ಉಂಗುರ ತೆಗೆದರೆ ಮನೆಯಲ್ಲಿ ಬೇರೆಯೇ ಮಾತು ಶುರುವಾಗುತ್ತದೆ.

ಮುಸ್ಲಿಂ ಮನೆಗೆ ಸಂಬಂಧ ಬೆಳೆಯುತ್ತಿದ್ದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಗಂಡಸರು ಚಿನ್ನ ತೊಡಬಾರದು ಎಂಬುದು ಅವರಲ್ಲಿ ಬಹುತೇಕ ಎಲ್ಲರೂ ಪಾಲಿಸುವ ನಿಯಮ. ಹುಡುಗನಿಗೆ ಬೆಳ್ಳಿ ಉಂಗುರ ತನ್ನಿ. ಅಂಗಡಿಯವರು "ಬಿಳಿ ಚಿನ್ನ ಕೊಡೋಣ ಸಾರ್, ಚಿನ್ನದ ಹಾಗೆ ಕಾಣಲ್ಲ" ಅಂದರೆ ಒಪ್ಪಬೇಡಿ. ಬಿಳಿ ಚಿನ್ನವೂ ಚಿನ್ನವೇ, ಬಣ್ಣ ಮಾತ್ರ ಬೇರೆ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹೀಗೇ ಆಗಿ, ಹುಡುಗ ಆ ಉಂಗುರವನ್ನು ಮರ್ಯಾದೆಗೆ ಜೇಬಿನಲ್ಲಿ ಇಟ್ಟುಕೊಂಡು ಹೋದ. ಪ್ಲಾಟಿನಂ ಆಗುತ್ತದೆಯೇ ಎಂಬುದನ್ನು ಆ ಮನೆಯ ಹಿರಿಯರನ್ನೇ ಕೇಳಿ. ಹುಡುಗಿಗೆ ಚಿನ್ನಕ್ಕೆ ಅಡ್ಡಿಯಿಲ್ಲ. ಹಲವು ಮನೆಗಳಲ್ಲಿ ಹುಡುಗಿಗೆ ಉಂಗುರ ತೊಡಿಸುವುದು ಹುಡುಗನ ತಾಯಿ ಅಥವಾ ಅಕ್ಕ. ಉಂಗುರವನ್ನೂ ಮಹರನ್ನೂ (ನಿಕಾಹ್‌ನಲ್ಲಿ ಹುಡುಗ ಹುಡುಗಿಗೆ ಕೊಡಬೇಕಾದ ಹಣ ಅಥವಾ ಒಡವೆ) ಬೆರೆಸಬೇಡಿ. ಉಂಗುರ ಮಹರಿನ ಲೆಕ್ಕಕ್ಕೆ ಸೇರುತ್ತದೋ ಅದು ಬೇರೆ ಉಡುಗೊರೆಯೋ ಎಂದು ಮೊದಲೇ ಬಾಯಿಬಿಟ್ಟು ಮಾತಾಡಿ. ಸೇರುವುದಾದರೆ ನಿಕಾಹ್‌ನಾಮಾದಲ್ಲಿ, ಅಂದರೆ ಮದುವೆಯ ಕರಾರುಪತ್ರದಲ್ಲಿ, ಬರೆಯಿಸಿ.

ಕ್ರೈಸ್ತ ಮನೆಗಳಲ್ಲಿ ಲೆಕ್ಕ ಎರಡು ಉಂಗುರದ್ದು. ನಿಶ್ಚಿತಾರ್ಥಕ್ಕೊಂದು, ಚರ್ಚಿನಲ್ಲಿ ಮದುವೆ ದಿನ ಪಾದ್ರಿಗಳು ಆಶೀರ್ವದಿಸುವುದು ಇನ್ನೊಂದು. ಮದುವೆಯ ಉಂಗುರ ಸಾಮಾನ್ಯವಾಗಿ ಸಾದಾ ಬಳೆಯ ಹಾಗಿರುತ್ತದೆ, ಒಳಗೆ ಹೆಸರು, ತಾರೀಕು ಕೆತ್ತಿಸುತ್ತಾರೆ. ಇದು ಗೊತ್ತಿಲ್ಲದೆ ಇದ್ದ ದುಡ್ಡನ್ನೆಲ್ಲ ಮೊದಲನೆಯದಕ್ಕೇ ಸುರಿದವರಿದ್ದಾರೆ. ಎರಡನ್ನೂ ಒಂದೇ ಬೆರಳಿಗೆ ಹಾಕುವ ಯೋಚನೆ ಇದ್ದರೆ, ಮೊದಲ ಉಂಗುರದ ಹರಳು ಕೆಳಗೆ ಇಳಿಬಿದ್ದಿರಬಾರದು. ಇಲ್ಲದಿದ್ದರೆ ಎರಡನೆಯದು ಪಕ್ಕಕ್ಕೆ ಕೂರುವುದಿಲ್ಲ.

ಹೊರದೇಶದ ಸಂಬಂಧವಾದರೆ ಕೈಯ ಪ್ರಶ್ನೆ ಬರುತ್ತದೆ. ಅಮೆರಿಕ, ಬ್ರಿಟನ್‌ಗಳಲ್ಲಿ ಎಡಗೈ ಉಂಗುರಬೆರಳು. ಜರ್ಮನಿಯಲ್ಲಿ ನಿಶ್ಚಿತಾರ್ಥದ್ದು ಎಡಗೈಗೆ, ಮದುವೆಯದು ಬಲಗೈಗೆ ಹಾಕುವುದು ರೂಢಿ. ಬ್ರೆಜಿಲ್‌ನಲ್ಲಿ ಉಲ್ಟಾ, ನಿಶ್ಚಿತಾರ್ಥದಲ್ಲಿ ಬಲಗೈಗೆ ಹಾಕಿದ್ದು ಮದುವೆ ದಿನ ಎಡಗೈಗೆ ಬರುತ್ತದೆ. ಸ್ವೀಡನ್‌ನಲ್ಲಿ ಹುಡುಗ ಹುಡುಗಿ ಇಬ್ಬರೂ ಸಾದಾ ಉಂಗುರ ತೊಡುವ ವಾಡಿಕೆ ಇದೆ. ಕಡಿಮೆ ಬಜೆಟ್‌ನವರಿಗೆ ಇದು ಒಳ್ಳೆಯ ದಾರಿ. ಯಹೂದಿ ಮದುವೆಯ ವಿಧಿಗೆ ಹರಳಿಲ್ಲದ ಸಾದಾ ಲೋಹದ ಉಂಗುರವೇ ಬೇಕು, ಅದನ್ನು ವಧುವಿನ ಬಲಗೈ ತೋರುಬೆರಳಿಗೆ ತೊಡಿಸುತ್ತಾರೆ. ಅಲ್ಲಿಯೂ ಖರ್ಚು ಕಡಿಮೆಯೇ. ಐರ್ಲೆಂಡಿನವರ ಕ್ಲಾಡಾ ಉಂಗುರದಲ್ಲಿ ಎರಡು ಕೈ ಹಿಡಿದ ಹೃದಯ, ಮೇಲೆ ಕಿರೀಟ ಇರುತ್ತದೆ. ನಿಶ್ಚಯವಾದವರು ಅದನ್ನು ಎಡಗೈಯಲ್ಲಿ, ಹೃದಯದ ಮೊನೆ ಬೆರಳ ತುದಿಯ ಕಡೆಗೆ ಇರುವಂತೆ ಹಾಕುತ್ತಾರೆ. ಅಂಥ ಮನೆಗೆ ಹೋಗುವ ಉಂಗುರವಾದರೆ ತಿರುಗಿಸಿ ತೊಡಿಸಿ ನಗೆಪಾಟಲಾಗಬೇಡಿ.

ಇಷ್ಟನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಇನ್ನೊಮ್ಮೆ, ಹೆಂಗಸರ ಹತ್ತಿರ ಕೇಳಿ.

ಹಂತ 2: ಆ ಕೈ ದಿನವೂ ಏನು ಮಾಡುತ್ತದೆ ನೋಡಿ

ನರ್ಸ್, ಡಾಕ್ಟರ್, ಮೆಕ್ಯಾನಿಕ್, ಬೇಕರಿ ಕೆಲಸದವರು, ಜಿಮ್‌ಗೆ ಹೋಗುವವರು, ಇವರಿಗೆಲ್ಲ ಎತ್ತರದ ಹರಳು ಆಗುವುದಿಲ್ಲ. ಕೈಗವಸು ಹರಿಯುತ್ತದೆ, ಹಿಟ್ಟು ಮೆತ್ತುತ್ತದೆ, ಹಲ್ಲು ಸಡಿಲವಾಗುತ್ತದೆ. ಹರಳನ್ನು ಹಿಡಿದಿರುವ ಸಣ್ಣ ಕೊಕ್ಕೆಗಳಿಗೆ ಹಲ್ಲು ಅನ್ನುತ್ತಾರೆ. ನಾಲ್ಕು ಹಲ್ಲಿನ ಉಂಗುರಕ್ಕಿಂತ ಆರು ಹಲ್ಲಿನದು ಭದ್ರ. ಸುತ್ತಲೂ ಅಂಚು ಕಟ್ಟಿದ್ದು ಇನ್ನೂ ಭದ್ರ.

ಸುಲಭದ ಪರೀಕ್ಷೆ: ಅಂಗಡಿಯಲ್ಲಿ ಉಂಗುರ ಹಾಕಿಕೊಂಡು ಜರಿ ಸೆರಗಿನ ಮೇಲೆ ಒಮ್ಮೆ ಕೈಯಾಡಿಸಿ. ದಾರ ಸಿಕ್ಕಿಕೊಂಡರೆ ಆ ಉಂಗುರ ಬೇಡ. ಮದುವೆ ದಿನ ರೇಷ್ಮೆ ಸೀರೆಗೆ ಅದೇ ಶತ್ರುವಾಗುತ್ತದೆ.

ಹಂತ 3: ಅಳತೆ ತೆಗೆಯಿರಿ

ನನ್ನ ತಮ್ಮನ ನಿಶ್ಚಿತಾರ್ಥದಲ್ಲಿ ಉಂಗುರ ಗೆಣ್ಣು ದಾಟಲಿಲ್ಲ. ಫೋಟೋದವರು "ಹಾಗೇ ಹಿಡ್ಕೊಳ್ಳಿ ಮೇಡಂ" ಅಂತಿದ್ದಾರೆ, ಹುಡುಗಿ ಒತ್ತುತ್ತಿದ್ದಾಳೆ, ಇವನ ಮುಖ ಕೆಂಪಾಗಿದೆ. ಕೊನೆಗೆ ಅರ್ಧ ಬೆರಳಿನಲ್ಲೇ ಫೋಟೋ ತೆಗೆದರು. ಅಳತೆ ತೆಗೆದದ್ದು ಯಾರು ಗೊತ್ತಾ? ನಾನೇ. ಜನವರಿಯ ಬೆಳಗ್ಗೆ ಆರು ಗಂಟೆಗೆ.

ಚಳಿಯಲ್ಲಿ, ಬೆಳಗ್ಗೆ ಬೆರಳು ಸಣ್ಣಗಿರುತ್ತದೆ. ಬಿಸಿಲಲ್ಲಿ, ಸಂಜೆ, ಉಪ್ಪಿನೂಟದ ಮೇಲೆ ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆ ಹೊತ್ತು, ಬೇರೆ ಬೇರೆ ಎರಡು ದಿನ ಅಳೆಯಿರಿ. ಕಾಗದದ ಪಟ್ಟಿಯನ್ನು ಬೆರಳ ಬುಡಕ್ಕೆ ಸುತ್ತಿ ಗುರುತು ಹಾಕಿ. ಗೆಣ್ಣಿಗೂ ಹಾಗೇ ಮಾಡಿ. ಗೆಣ್ಣು ದೊಡ್ಡದಿದ್ದರೆ ಎರಡರ ನಡುವಿನ ಅಳತೆ ಹಿಡಿಯಿರಿ. ದಾರದಲ್ಲಿ ಅಳೆಯಬೇಡಿ. ಅದು ಎಳೆದರೆ ಹಿಗ್ಗುತ್ತದೆ, ಚರ್ಮಕ್ಕೂ ಕಚ್ಚುತ್ತದೆ.

ನಮ್ಮ ಅಂಗಡಿಗಳ ನಂಬರಿನ ಲೆಕ್ಕ ಸುಲಭ. ಒಳ ಸುತ್ತಳತೆಯ ಮಿಲಿಮೀಟರ್‌ನಿಂದ 40 ಕಳೆದರೆ ಹೆಚ್ಚೂಕಡಿಮೆ ನಂಬರ್ ಸಿಗುತ್ತದೆ. ಸುತ್ತಳತೆ 52 ಮಿಲಿಮೀಟರ್ ಅಂದರೆ ನಮ್ಮಲ್ಲಿ 12. ಅದೇ ಉಂಗುರಕ್ಕೆ ಅಮೆರಿಕದಲ್ಲಿ 6 ಅನ್ನುತ್ತಾರೆ. ನಮ್ಮ 14 ಅಲ್ಲಿಯ 7. ಡಲ್ಲಾಸ್‌ನಿಂದ ಭಾವೀ ಅಳಿಯ "ಸೈಜ್ 9" ಅಂತ ಮೆಸೇಜ್ ಕಳಿಸಿದರೆ ಇಲ್ಲಿಯ 9 ಮಾಡಿಸಬೇಡಿ, ಅದು ತೆಳು ಬೆರಳಿನ ಹುಡುಗಿಗೆ ಬರುವ ಉಂಗುರ. ಗೊಂದಲವೇ ಬೇಡ ಅನ್ನುವವರು ಸುತ್ತಳತೆಯನ್ನು ಮಿಲಿಮೀಟರ್‌ನಲ್ಲೇ ಕೇಳಿ.

ಅಗಲದ ಉಂಗುರಕ್ಕೆ ಒಂದು ನಂಬರ್ ಜಾಸ್ತಿ ಬೇಕಾಗಬಹುದು. ಗುಟ್ಟಾಗಿ ತರುವುದಾದರೆ ಅದೇ ಕೈಯ ಅದೇ ಬೆರಳಿನ ಹಳೆ ಉಂಗುರವನ್ನು ಅಕ್ಕನೋ ತಂಗಿಯೋ ಮೂಲಕ ತರಿಸಿ ಅಂಗಡಿಯಲ್ಲಿ ಅಳತೆ ಕೋಲಿಗೆ ಹಾಕಿಸಿ. ಬಲಗೈ ಎಡಗೈ ಬೆರಳು ಒಂದೇ ಸಮ ಇರುವುದಿಲ್ಲ.

ಹಂತ 4: ಮೊತ್ತ ಬರೆಯಿರಿ, ಒಂದೇ ಒಂದು ಅಂಕಿ

"ಎರಡು ತಿಂಗಳ ಸಂಬಳದಷ್ಟು ಉಂಗುರಕ್ಕೆ ಇಡಬೇಕು" ಎಂಬ ಮಾತು ಯಾವ ಸಂಪ್ರದಾಯದ್ದೂ ಅಲ್ಲ. ಅದು ಡಿ ಬಿಯರ್ಸ್ ಎಂಬ ವಜ್ರದ ಕಂಪನಿಯ ಜಾಹೀರಾತಿನಿಂದ ಬಂದದ್ದು. ಅದನ್ನು ಮರೆತುಬಿಡಿ.

ಬರೆಯುವ ಅಂಕಿ ಎಲ್ಲ ಸೇರಿದ ಅಂಕಿಯಾಗಿರಲಿ: ಚಿನ್ನ, ಹರಳು, ಮಜೂರಿ, ತೆರಿಗೆ, ಮುಂದೆ ಬರುವ ಮದುವೆ ಉಂಗುರ. ಎರಡೂ ಮನೆಯವರು ಸುಮಾರು ಎಷ್ಟು ಎಂದು ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಒಬ್ಬರದು ಎಂಟು ಗ್ರಾಂ, ಇನ್ನೊಬ್ಬರದು ಎರಡು ಗ್ರಾಂ ಆದರೆ ಸ್ಟೇಜಿನ ಮೇಲೆ ಯಾರಿಗೂ ಹಿತವಿರುವುದಿಲ್ಲ.

ಬಿಲ್ ಹೇಗೆ ಬೆಳೆಯುತ್ತದೆ ನೋಡಿ. ಲೆಕ್ಕಕ್ಕೆ ಸುಲಭವಾಗಲಿ ಅಂತ 22 ಕ್ಯಾರಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳೋಣ. ಅವತ್ತಿನ ರೇಟನ್ನು ನೀವು ಹಾಕಿಕೊಳ್ಳಿ. 4 ಗ್ರಾಂ ಉಂಗುರಕ್ಕೆ ಚಿನ್ನದ ಬೆಲೆ 40,000. ಮಜೂರಿ ಶೇ. 12 ಅಂದರೆ 4,800. ಒಟ್ಟು 44,800. ಅದರ ಮೇಲೆ ಜಿಎಸ್‌ಟಿ ಶೇ. 3, ಅಂದರೆ 1,344. ಹಾಲ್‌ಮಾರ್ಕ್ (ಚಿನ್ನದ ಶುದ್ಧತೆಯ ಅಧಿಕೃತ ಗುರುತು) ಶುಲ್ಕ ಒಂದು ಒಡವೆಗೆ 45 ರೂಪಾಯಿ, ಅದರ ತೆರಿಗೆ ಸೇರಿ 53. ಕೊನೆಗೆ ನೀವು ಕೊಡುವುದು 46,197. ಗ್ರಾಂಗೆ 11,549 ಬಿತ್ತು.

ಪಕ್ಕದ ಅಂಗಡಿಯಲ್ಲಿ "ಮಜೂರಿ ಶೇ. 8 ಮಾತ್ರ" ಎಂದು ಬೋರ್ಡ್ ಇದೆ ಅಂದುಕೊಳ್ಳಿ. ಒಳಗೆ ಹೋದರೆ ವೇಸ್ಟೇಜ್, ಅಂದರೆ ಮಾಡುವಾಗ ಹಾಳಾದ ಚಿನ್ನ, ಎಂದು ಇನ್ನೊಂದು ಶೇ. 6 ಸೇರಿಸುತ್ತಾರೆ. ಆಗ ಒಟ್ಟು 47,021 ಆಗುತ್ತದೆ, ಗ್ರಾಂಗೆ 11,755. ಅಗ್ಗದ ಬೋರ್ಡಿನ ಅಂಗಡಿಯೇ ದುಬಾರಿಯಾಯಿತು. ಆದ್ದರಿಂದ ಶೇಕಡಾ ಹೋಲಿಸಬೇಡಿ. ಕೊನೆಯ ಬಿಲ್ ಮೊತ್ತವನ್ನು ನಿವ್ವಳ ಚಿನ್ನದ ತೂಕದಿಂದ ಭಾಗಿಸಿ, ಆ ಅಂಕಿಯನ್ನು ಹೋಲಿಸಿ. ಹರಳಿನ ಉಂಗುರವಾದರೆ ಮೊದಲು ಹರಳಿನ ಬೆಲೆಯನ್ನು ಬದಿಗೆ ತೆಗೆದಿಡಿ.

ತೀರಾ ಹಗುರ ಉಂಗುರಕ್ಕೆ ಕೆಲವು ಅಂಗಡಿಗಳು ಶೇಕಡಾ ಬಿಟ್ಟು "ಕನಿಷ್ಠ ಮಜೂರಿ ಇಷ್ಟು" ಎಂದು ಒಂದು ಮೊತ್ತ ಹಾಕುತ್ತವೆ. ಒಂದೂವರೆ ಗ್ರಾಮಿನ ಉಂಗುರದಲ್ಲಿ ಆ ಮೊತ್ತ ಚೆನ್ನಾಗಿ ಹೊಡೆತ ಕೊಡುತ್ತದೆ. ಮೊದಲೇ ಕೇಳಿ.

ಹಂತ 5: ಲೋಹ ಆರಿಸಿ

22 ಕ್ಯಾರಟ್‌ನಲ್ಲಿ ಶೇ. 91.6 ಚಿನ್ನ ಇರುತ್ತದೆ. 18ರಲ್ಲಿ ಶೇ. 75, 14ರಲ್ಲಿ ಶೇ. 58.5, 9ರಲ್ಲಿ ಶೇ. 37.5. ಮೇಲಿನ ಲೆಕ್ಕದಲ್ಲೇ ಹೋದರೆ 18 ಕ್ಯಾರಟ್ ಗ್ರಾಂಗೆ ಸುಮಾರು 8,190, 14 ಕ್ಯಾರಟ್ ಸುಮಾರು 6,390 ಆಗಬೇಕು. ಅಂಗಡಿಯವರು 14 ಕ್ಯಾರಟ್ ಉಂಗುರಕ್ಕೆ 18ರ ಹತ್ತಿರದ ರೇಟು ಹೇಳಿದರೆ ಅಲ್ಲೇ ಎಚ್ಚರವಾಗಿ.

ನನ್ನ ಸಲಹೆ ಇಷ್ಟು. ಹರಳಿಲ್ಲದ ಸಾದಾ ಉಂಗುರಕ್ಕೆ 22 ಕ್ಯಾರಟ್. ಅಡ ಇಟ್ಟರೂ ಮಾರಿದರೂ ಬೆಲೆ ಸಿಗುತ್ತದೆ, ಹಿರಿಯರೂ ಸುಮ್ಮನಿರುತ್ತಾರೆ. ಹರಳಿರುವ ಉಂಗುರಕ್ಕೆ 18 ಅಥವಾ 14. ಅದು ಗಟ್ಟಿ, ಹಲ್ಲು ಹರಳನ್ನು ಬಿಗಿಯಾಗಿ ಹಿಡಿಯುತ್ತದೆ. 22ರಲ್ಲಿ ವಜ್ರ ಕೂರಿಸಿಕೊಂಡು ಎರಡು ವರ್ಷಕ್ಕೆ ಕಲ್ಲು ಕಳೆದುಕೊಂಡವರು ನನಗೆ ಗೊತ್ತು. "22 ಅಲ್ಲದ್ದು ಚಿನ್ನವೇ ಅಲ್ಲ" ಎಂದು ಅಜ್ಜಿ ಹಟ ಹಿಡಿದರೆ, ಅಜ್ಜಿಗೆ ಈ ಹಲ್ಲಿನ ವಿಷಯ ಹೇಳಿ ನೋಡಿ.

ಬಿಳಿ ಚಿನ್ನದ ಹೊಳಪು ರೋಡಿಯಂ ಲೇಪದ್ದು. ದಿನಾ ಹಾಕಿದರೆ ಸವೆದು ಹಳದಿ ಇಣುಕುತ್ತದೆ, ಮತ್ತೆ ಲೇಪ ಹಾಕಿಸಬೇಕು. ನಿಕ್ಕಲ್ ಬೆರೆಸಿದ್ದರೆ ಕೆಲವರಿಗೆ ತುರಿಕೆ ಬರುತ್ತದೆ. ಬೆಳ್ಳಿಯಲ್ಲಿ 925 ಗುರುತಿನದು ತೆಗೆದುಕೊಳ್ಳಿ. ಅದು ಕಪ್ಪಾಗುತ್ತದೆ, ಒರೆಸಿದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಟೈಟಾನಿಯಂ, ಟಂಗ್‌ಸ್ಟನ್ ಉಂಗುರ ಅಗ್ಗ ನಿಜ, ಆದರೆ ಚಿನ್ನದ ಹಾಗೆ ಅಳತೆ ಬದಲಾಯಿಸಲು ಬರುವುದಿಲ್ಲ. ಟಂಗ್‌ಸ್ಟನ್ ನೆಲಕ್ಕೆ ಬಿದ್ದು ಸೀಳುವುದೂ ಉಂಟು.

ಮನೆಯಲ್ಲಿ ಹಳೆ ಚಿನ್ನ ಇದ್ದರೆ ಅದೇ ಅತಿ ಅಗ್ಗದ ದಾರಿ. ಅಮ್ಮನ ಒಂಟಿ ಓಲೆ, ತುಂಡಾದ ಸರ ಹೊರಗೆ ತೆಗೆಯಿರಿ. ಆದರೆ ಶುದ್ಧತೆ ನೋಡುವ ಮೆಷಿನ್‌ನಲ್ಲಿ ನಿಮ್ಮ ಕಣ್ಣೆದುರೇ ಪರೀಕ್ಷೆ ಆಗಲಿ, ಕರಗಿಸಿದರೂ ಕಣ್ಣೆದುರೇ ಕರಗಿಸಲಿ. ಎಷ್ಟು ಕಳೆಯುತ್ತೀರಿ ಎಂದು ತೂಕಕ್ಕೆ ಹಾಕುವ ಮೊದಲೇ ಕೇಳಿ. ಅಜ್ಜಿಯ ಉಂಗುರದ ಹರಳು ಚೆನ್ನಾಗಿದ್ದರೆ ಅದನ್ನೇ ಹೊಸದಕ್ಕೆ ಕೂರಿಸಬಹುದು.

ಹಂತ 6: ಹರಳು ಬೇಕೋ, ಬೇಕಾದರೆ ಯಾವುದು

ಬಜೆಟ್ ಬಿಗಿ ಇದ್ದರೆ ಹರಳೇ ಬೇಡ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ವಜ್ರವೇ ಬೇಕು ಅನ್ನುವವರು ಮೊದಲು ಕೇಳಬೇಕಾದ್ದು: ಇದು ಗಣಿಯದೋ, ಲ್ಯಾಬಿನದೋ? ಲ್ಯಾಬಿನಲ್ಲಿ ಬೆಳೆಸಿದ್ದೂ ವಜ್ರವೇ. ಗಟ್ಟಿತನ, ಹೊಳಪು ಎಲ್ಲ ಒಂದೇ. ಅಂಗಡಿಗಳಲ್ಲಿ ಸಿವಿಡಿ ಎಂದೂ ಕರೆಯುತ್ತಾರೆ. ಬೆಲೆ ಬಹಳ ಕಡಿಮೆ, ಮಾರಲು ಹೋದರೆ ಸಿಗುವುದೂ ಬಹಳ ಕಡಿಮೆ. ತೊಡಲು ತರುವವರಿಗೆ ಅದು ಸಾಕು, ಉಳಿತಾಯ ಅಂದುಕೊಂಡು ತರುವವರಿಗೆ ಅಲ್ಲ. ವಾಪಸ್ ಕೊಂಡರೆ ಎಷ್ಟು ಕೊಡುತ್ತೀರಿ ಎಂಬುದನ್ನು ಬಿಲ್ಲಿನಲ್ಲೇ ಬರೆಸಿ.

ಕೌಂಟರಿನಲ್ಲಿ ಪೆನ್ನಿನಂಥ ಯಂತ್ರ ತಾಗಿಸಿ, ಬೀಪ್ ಬಂದಾಗ "ನೋಡಿ ಮೇಡಂ, ಒರಿಜಿನಲ್" ಅನ್ನುತ್ತಾರೆ. ಅದು ಶಾಖ ಹರಿಯುವುದನ್ನು ನೋಡುವ ಯಂತ್ರ. ಗಣಿಯ ವಜ್ರಕ್ಕೂ ಲ್ಯಾಬಿನ ವಜ್ರಕ್ಕೂ ಒಂದೇ ತರ ಕೂಗುತ್ತದೆ. ಮೊಯ್ಸನೈಟ್ ಎಂಬ ಬೇರೆಯೇ ಹರಳಿಗೂ ಎಷ್ಟೋ ಸಲ ಕೂಗುತ್ತದೆ. ಆ ಬೀಪ್ ನಂಬಿ ಗಣಿಯ ವಜ್ರದ ಬೆಲೆ ಕೊಡಬೇಡಿ. ಐಜಿಐ, ಜಿಐಎ ಥರದ, ಹರಳು ಪರೀಕ್ಷಿಸುವ ಸಂಸ್ಥೆಯ ವರದಿ ಕೇಳಿ. ವರದಿಯ ನಂಬರನ್ನು ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ್ದರೆ ಭೂತಗನ್ನಡಿಯಲ್ಲಿ ತೋರಿಸಿ ಅನ್ನಿ. ಆ ನಂಬರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ.

ದುಡ್ಡು ಉಳಿಸುವ ಒಂದೆರಡು ಜಾಗಗಳಿವೆ. ಹರಳಿನಲ್ಲಿ ಕ್ಯಾರಟ್ ಅನ್ನುವುದು ತೂಕ, ಚಿನ್ನದ ಹಾಗೆ ಶುದ್ಧತೆ ಅಲ್ಲ. ಒಂದು ಕ್ಯಾರಟ್ ಅಂದರೆ 0.2 ಗ್ರಾಂ, 100 ಸೆಂಟ್. 50 ಸೆಂಟ್, 100 ಸೆಂಟ್ ಬಂದ ಕೂಡಲೇ ಬೆಲೆ ಎಗರುತ್ತದೆ. 45 ಸೆಂಟ್ ತೆಗೆದುಕೊಂಡರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಜೇಬಿಗೆ ಗೊತ್ತಾಗುತ್ತದೆ. ಹಳದಿ ಚಿನ್ನಕ್ಕೆ ಕೂರಿಸುವುದಾದರೆ ಬಣ್ಣದಲ್ಲಿ ಐ, ಜೆ ದರ್ಜೆ (ತುಸು ಹಳದಿ ಛಾಯೆಯದು) ಸಾಕು. ಕತ್ತರಿಸಿದ ರೀತಿಯಲ್ಲಿ ಮಾತ್ರ ರಾಜಿ ಬೇಡ, ಹೊಳಪು ಬರುವುದೇ ಅದರಿಂದ. ಇನ್ನೊಂದು ಮೋಸದ ಜಾಗ: "ಅರ್ಧ ಕ್ಯಾರಟ್ ಉಂಗುರ" ಅನ್ನುತ್ತಾರೆ, ನೋಡಿದರೆ ಸಣ್ಣ ಸಣ್ಣ ಹದಿನೈದು ಕಲ್ಲು ಸೇರಿ ಅರ್ಧ ಕ್ಯಾರಟ್. ಒಂದೇ ಅರ್ಧ ಕ್ಯಾರಟ್ ಕಲ್ಲಿಗಿಂತ ಅದರ ಬೆಲೆ ಬಹಳ ಕಡಿಮೆ ಇರಬೇಕು.

ಬಣ್ಣದ ಹರಳಿಗೆ ಬಂದರೆ, ದಿನಾ ತೊಡಲು ಕೆಂಪು ಮತ್ತು ನೀಲ ಗಟ್ಟಿ. ಮುತ್ತು, ಹವಳ ಮೆತ್ತಗೆ. ಸಾಬೂನು, ಸ್ಯಾನಿಟೈಸರ್, ಹುಣಸೆಹುಳಿ ಎಲ್ಲ ಅವುಗಳ ಮಿರುಗು ತೆಗೆಯುತ್ತವೆ. ಪಚ್ಚೆಗೆ ಸಾಮಾನ್ಯವಾಗಿ ಎಣ್ಣೆ ಹಿಡಿಸಿರುತ್ತಾರೆ, ಮೆಷಿನ್‌ನಲ್ಲಿ ತೊಳೆಸಬಾರದು. ನಂಬಲಾಗದಷ್ಟು ಅಗ್ಗದ ದೊಡ್ಡ ಕೆಂಪು ಹರಳು ಸಿಕ್ಕರೆ ಒಳಗಿನ ಬಿರುಕಿಗೆ ಸೀಸದ ಗಾಜು ತುಂಬಿದ್ದೇ ಇರಬೇಕು ಎಂದು ಅನುಮಾನಿಸಿ. ಅಂಥದ್ದಕ್ಕೆ ನಿಂಬೆರಸ ತಾಗಿದರೂ ಕಲೆ ಬೀಳುತ್ತದೆ, ಅಳತೆ ಬದಲಾಯಿಸುವಾಗ ಬೆಂಕಿ ತಾಗಿದರೂ ಕೆಡುತ್ತದೆ. ಚಿತ್ರಾನ್ನ ಮಾಡುವ ಕೈಗೆ ಅದು ಬೇಡವೇ ಬೇಡ.

ಹಂತ 7: ಅಂಗಡಿಗೆ ಹೋಗಿ

ಅಕ್ಷಯ ತೃತೀಯದ ದಿನ ಹೋಗಬೇಡಿ. ನೂಕುನುಗ್ಗಲಿನಲ್ಲಿ ತೂಕ ನೋಡಲೂ ಪುರುಸೊತ್ತಿರುವುದಿಲ್ಲ. ವಾರದ ದಿನ, ಮಧ್ಯಾಹ್ನ ಹೋಗಿ. ಆಷಾಢದಲ್ಲಿ ಅಂಗಡಿಗಳು ಖಾಲಿ ಇರುತ್ತವೆ, ಮಜೂರಿ ಕಡಿಮೆ ಮಾಡಿಸಲು ಒಳ್ಳೆಯ ಕಾಲ. ಮನೆಯಲ್ಲಿ ಆಷಾಢ ಬೇಡ ಅಂದರೆ ಅಳತೆ ಕೊಟ್ಟು ಆರ್ಡರ್ ಮಾಡಿ, ಶ್ರಾವಣದಲ್ಲಿ ಮನೆಗೆ ತನ್ನಿ.

ಕನಿಷ್ಠ ಮೂರು ಕಡೆ ವಿಚಾರಿಸಿ. ಬೆಂಗಳೂರಿನ ಅವೆನ್ಯೂ ರೋಡ್, ಮೈಸೂರಿನ ಅಶೋಕ ರಸ್ತೆಯಂಥ ಕಡೆ ಅಂಗಡಿಗಳು ಸಾಲಾಗಿರುವುದರಿಂದ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಊರಿನ ಆಚಾರ್ರ ಹತ್ತಿರ ಮಾಡಿಸಿದರೆ ಮಜೂರಿ ಕಡಿಮೆ ಬೀಳಬಹುದು, ಬೆರಳಿಗೆ ಸರಿಯಾಗಿಯೂ ಕೂರುತ್ತದೆ. ಆದರೆ ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವವರಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಹಾಲ್‌ಮಾರ್ಕ್ ಇರುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಹರಳಿನ ಉಂಗುರವನ್ನು ಇಡಿಯಾಗಿ ತೂಗಿ ಅಷ್ಟಕ್ಕೂ ಚಿನ್ನದ ರೇಟು ಹಾಕುವುದು ಹಳೆಯ ಚಾಳಿ. ಒಟ್ಟು ತೂಕ 3.5 ಗ್ರಾಂ, ಅದರಲ್ಲಿ ಅರ್ಧ ಕ್ಯಾರಟ್ ವಜ್ರ ಇದ್ದರೆ 0.1 ಗ್ರಾಂ ಹರಳಿನದು. ಚಿನ್ನಕ್ಕೆ ನೀವು ಕೊಡಬೇಕಾದ್ದು 3.4 ಗ್ರಾಂಗೆ ಮಾತ್ರ. ಕೆಂಪು, ಹಸಿರು ಕಲ್ಲಿನ ಉಂಗುರಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು.

ಎದ್ದು ಬರಬೇಕಾದ ಸೂಚನೆಗಳು: "ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತೆ" ಅನ್ನುವುದು. "ಇದು ಕೆಡಿಎಂ, ಹಾಲ್‌ಮಾರ್ಕ್‌ಗಿಂತ ಮೇಲು" ಅನ್ನುವುದು. ಕೆಡಿಎಂ ಎಂಬುದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಗುರುತಲ್ಲ. "ಈ ರೇಟು ಇವತ್ತು ಸಂಜೆವರೆಗೆ ಮಾತ್ರ" ಎಂದು ಅವಸರ ಮಾಡುವುದು. ಭೂತಗನ್ನಡಿ ಕೇಳಿದರೆ ಮುಖ ಸಿಂಡರಿಸುವುದು.

ಹಂತ 8: ದುಡ್ಡು ಕೊಡುವ ಮೊದಲು ಹಾಲ್‌ಮಾರ್ಕ್ ನೋಡಿ

ಚಿನ್ನದ ಉಂಗುರದ ಒಳಗೆ ಮೂರು ಗುರುತು ಇರಬೇಕು. ತ್ರಿಕೋನದ ಬಿಐಎಸ್ ಚಿಹ್ನೆ. ಶುದ್ಧತೆ, ಉದಾಹರಣೆಗೆ 22ಕೆ916, 18ಕೆ750, 14ಕೆ585. ಮೂರನೆಯದು ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ, ಅಕ್ಷರ ಮತ್ತು ಅಂಕಿ ಸೇರಿ ಆರು ಇರುವ ನಂಬರ್. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಚಿನ್ನವನ್ನು ಅಂಗಡಿಯವರು ಮಾರುವಂತಿಲ್ಲ.

ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಶುದ್ಧತೆ, ಹಾಲ್‌ಮಾರ್ಕ್ ಮಾಡಿದ ಕೇಂದ್ರ, ಒಡವೆಯ ಬಗೆ ಕಾಣುತ್ತದೆ. ಇಲ್ಲಿ ಬಹಳ ಜನ ಶುದ್ಧತೆ ಮಾತ್ರ ನೋಡಿ ಸುಮ್ಮನಾಗುತ್ತಾರೆ. ಒಡವೆಯ ಬಗೆಯನ್ನೂ ಓದಿ. ನಿಮ್ಮ ಕೈಯಲ್ಲಿ ಉಂಗುರ ಇದ್ದು ಆ್ಯಪ್ ಸರ ಎಂದು ತೋರಿಸಿದರೆ ಆ ನಂಬರ್ ಬೇರೆ ಒಡವೆಯದು.

2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ತೆಳು ಉಂಗುರ ಕೊಳ್ಳುವವರು ಗಮನಿಸಿ. 1.8 ಗ್ರಾಂ ನೋಡುತ್ತಿದ್ದರೆ ಸ್ವಲ್ಪ ಏರಿಸಿ 2.1ಕ್ಕೆ ಹೋಗಿ, ಖಾತ್ರಿ ಸಿಗುತ್ತದೆ.

ಬಿಲ್ಲಿನಲ್ಲಿ ಒಡವೆಯ ವಿವರ, ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು. ಹರಳಿನ ತೂಕ, ಬೆಲೆ ಬೇರೆ ಸಾಲಿನಲ್ಲಿ ಬರಲಿ. ಹಾಲ್‌ಮಾರ್ಕ್ ಇದ್ದೂ ಮುಂದೆ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಕೊರತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ಕೇಳುವ ಹಕ್ಕು ನಿಮಗಿದೆ. ಬಿಲ್ ಇಲ್ಲದಿದ್ದರೆ ಯಾವುದನ್ನೂ ಕೇಳಲಾಗುವುದಿಲ್ಲ. ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ.

ಹೊರದೇಶದಲ್ಲಿ ಕೊಂಡ ಉಂಗುರದಲ್ಲಿ ಬಿಐಎಸ್ ಗುರುತು ಇರುವುದಿಲ್ಲ, ಅದು ತಪ್ಪಲ್ಲ. ಅಮೆರಿಕದ ಉಂಗುರಗಳಲ್ಲಿ 14ಕೆ ಅಥವಾ 585 ಇರುವುದು ಸಾಮಾನ್ಯ. ಇಲ್ಲಿ ಮಾರಲು ಹೋದರೆ ಶೇ. 58.5ರ ಬೆಲೆಯೇ ಸಿಗುವುದು, 22ರದ್ದಲ್ಲ.

ಹಂತ 9: ಮನೆಗೆ ತಂದ ಮೇಲೆ

ಹೆಸರು ಕೆತ್ತಿಸುವುದು ಎಲ್ಲಕ್ಕಿಂತ ಕೊನೆಗೆ. ಕೆತ್ತಿಸಿದ ಉಂಗುರವನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಅಳತೆ ಬದಲಾಯಿಸಿದರೆ ಕೆತ್ತಿದ ಅಕ್ಷರವೂ ತುಂಡಾಗುತ್ತದೆ. ಸುತ್ತಲೂ ಹರಳು ಕೂರಿಸಿದ ಉಂಗುರಕ್ಕಂತೂ ಅಳತೆ ಬದಲಾಯಿಸಲು ಜಾಗವೇ ಇಲ್ಲ.

ಎರಡು ವಾರ ಮೊದಲೇ, ಸಂಜೆ ಹೊತ್ತಿನಲ್ಲಿ, ಒಮ್ಮೆ ತೊಡಿಸಿ ನೋಡಿ. ಮೊದಲೇ ತೊಡಿಸಬಾರದು ಎಂದು ಮನೆಯಲ್ಲಿ ಹೇಳಿದರೆ, ಅದೇ ನಂಬರಿನ ಅಳತೆ ಬಳೆಯನ್ನು ಅಂಗಡಿಯಿಂದ ಒಂದು ದಿನಕ್ಕೆ ಕೇಳಿ ತನ್ನಿ. ಕಿವಿಯ ಹತ್ತಿರ ಉಂಗುರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಚಿಟಚಿಟ ಸದ್ದು ಬಂದರೆ ಹರಳು ಸಡಿಲ ಇದೆ, ಅಂದೇ ವಾಪಸ್ ಒಯ್ಯಿರಿ.

ಬಿಲ್, ಹರಳಿನ ವರದಿ, ಎಚ್‌ಯುಐಡಿ ಕಾಣುವ ಫೋಟೋ, ಮೂರನ್ನೂ ಇಬ್ಬರ ಫೋನಿನಲ್ಲೂ ಇಡಿ.

ಮದುವೆ ಮುಗಿದ ಮೇಲೆ ಬಣ್ಣದ ನೀರಿನ ಪಾತ್ರೆಯಲ್ಲಿ ಉಂಗುರ ಹುಡುಕುವ ಆಟ ಇದ್ದರೆ ಅದಕ್ಕೆ ಈ ಉಂಗುರ ಹಾಕಬೇಡಿ. ಎರಡೂ ಕಡೆಯವರು ಸೇರಿ ಪಾತ್ರೆಯ ತಳ ಕೆರೆಯುವಾಗ ಹಲ್ಲು ಬಾಗುತ್ತದೆ, ಮುತ್ತಿನದಾದರೆ ಬಣ್ಣ ಹಿಡಿಯುತ್ತದೆ. ಆ ಆಟಕ್ಕೆ ಬಾಗಿಲಲ್ಲಿ ನಿಂತಿರುವ ಯಾರಾದರೂ ಸೋದರಮಾವನ ಸಾದಾ ಉಂಗುರ ಕೇಳಿ ಪಡೆಯಿರಿ. ಪಾತ್ರೆಯಿಂದ ನೀರು ಚೆಲ್ಲುವ ಮೊದಲು ವಾಪಸ್ ಕೊಡಿ.